ಹಗುರ ಲ್ಯಾಪ್‌ಟಾಪಾ, ವರ್ಕ್‌ಸ್ಟೇಷನ್ನಾ? ಹಾಸನದ ಮನೆಗೂ ಸಕಲೇಶಪುರದ ಸೈಟಿಗೂ ಆಗುವಂಥದ್ದು ಯಾವುದು

ಓದುಗರ ಪ್ರಶ್ನೆ: "ಸರ್, ನಾನು ಡಿಪ್ಲೊಮಾ ಸಿವಿಲ್ ಮಾಡಿ ಹಾಸನದಲ್ಲೇ ಮನೆ ಪ್ಲಾನ್, ಎಲಿವೇಷನ್ ಮಾಡಿಕೊಡ್ತೀನಿ. ಈಚೆಗೆ ಸಕಲೇಶಪುರ, ಮೂಡಿಗೆರೆ ಕಡೆ ಹೋಮ್‌ಸ್ಟೇ ಕೆಲಸ ಜಾಸ್ತಿ ಬರ್ತಿದೆ. ವಾರಕ್ಕೆ ಮೂರು ದಿನ ಸೈಟು. ಬಸ್ಸಲ್ಲೇ ಓಡಾಟ, ಬಸ್ಸಿಳಿದ ಮೇಲೆ ಯಾರಾದರೂ ಬೈಕಲ್ಲಿ ತೋಟಕ್ಕೆ ಕರ್ಕೊಂಡು ಹೋಗ್ತಾರೆ. ಡ್ರಾಯಿಂಗ್‌ಗೆ ಆಟೋಕ್ಯಾಡ್, 3ಡಿ ಮಾಡೆಲ್‌ಗೆ ಸ್ಕೆಚ್‌ಅಪ್ ದಿನಾ ಬೇಕು. ಲೂಮಿಯಾನ್ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಮಾಡೋದು, ಅಂದರೆ ಮಾಡೆಲ್‌ನಿಂದ ಫೋಟೋ ಥರದ ಚಿತ್ರ ತೆಗೆಯೋದು, ತಿಂಗಳಿಗೆ ನಾಲ್ಕೈದು ಸಲ, ಅದೂ ರಾತ್ರಿ ಮನೇಲಿ ಕೂತು. 2021ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ: ಐ5, 8 ಜಿಬಿ ರ‍್ಯಾಮ್, 2 ಜಿಬಿ ಗ್ರಾಫಿಕ್ಸ್. ರೆಂಡರ್‌ಗೆ ಹಾಕಿದರೆ ಫ್ಯಾನ್ ಕೂಗುತ್ತೆ, ಆಮೇಲೆ ಮೌಸ್ ಕೂಡ ಅಲ್ಲಾಡಲ್ಲ. ಸ್ಕ್ರೀನ್ ಮಡಚುವ ಹಿಂಜ್ ಬೇರೆ ಮುರಿದಿದೆ. ಅಂಗಡಿಯವರು 1.3 ಕೆಜಿಯ ತೆಳು ಲ್ಯಾಪ್‌ಟಾಪ್ ತೋರಿಸಿ 'ಐ7 ಇದೆ ಮೇಡಂ, ಎಲ್ಲಾ ಆಗುತ್ತೆ' ಅಂತಾರೆ. ಬೆಂಗಳೂರಲ್ಲಿರೋ ದೊಡ್ಡಪ್ಪನ ಮಗ ಅಣ್ಣ 'ಹಗುರದ್ದು ಎರಡೇ ವರ್ಷಕ್ಕೆ ಹೋಗುತ್ತೆ, ಮಿಲಿಟರಿ ಗ್ರೇಡ್ ವರ್ಕ್‌ಸ್ಟೇಷನ್ (ಭಾರದ ಕೆಲಸಕ್ಕೇ ಮಾಡಿದ ದಪ್ಪ ಲ್ಯಾಪ್‌ಟಾಪ್) ತಗೋ, ಸೆಕೆಂಡ್ಸ್ ಆದರೂ ಪರವಾಗಿಲ್ಲ' ಅಂತಾನೆ. ನನಗೆ ಬೆನ್ನು ನೋವಿದೆ. ಬಜೆಟ್ ಒಂದು ಲಕ್ಷದ ಹತ್ತು ಸಾವಿರ, ಅದೂ ಇಎಂಐ. ಯಾವುದು ತಗೊಳ್ಳಲಿ?"

ಉತ್ತರ:

ನಿಮ್ಮ ಭಯ ಅರ್ಥವಾಯಿತು. ಹಗುರದ್ದು ತಗೊಂಡರೆ ಕೆಲಸ ಎಳೆಯುತ್ತೋ ಇಲ್ಲವೋ, ಭಾರದ್ದು ತಗೊಂಡರೆ ಬೆನ್ನು ತಡೆಯುತ್ತೋ ಇಲ್ಲವೋ. ಇಎಂಐ ಕಟ್ಟಿ ತಗೊಳ್ಳುವವರಿಗೆ ಇದು ಸಣ್ಣ ವಿಷಯ ಅಲ್ಲ. ನನ್ನ ಸರ್ವಿಸ್ ಟೇಬಲ್‌ಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕೆಟ್ಟು ಬಂದವಲ್ಲ. ಕೆಲಸಕ್ಕೆ ಹೊಂದದ್ದನ್ನು ಕೊಂಡು ಒಂದೇ ವರ್ಷಕ್ಕೆ ಬೇಸತ್ತು ತಂದವು.

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ಸೈಟಲ್ಲಿ ನೀವು ಮಾಡುವ ಕೆಲಸ ಹಗುರದ್ದು: ಡ್ರಾಯಿಂಗ್ ತೆಗೆಯೋದು, ಅಳತೆ ತಿದ್ದೋದು, ಮನೆಯವರಿಗೆ ಮಾಡೆಲ್ ತಿರುಗಿಸಿ ತೋರಿಸೋದು. ಭಾರದ ಕೆಲಸ ನಡೆಯೋದು ರಾತ್ರಿ, ಮನೆಯಲ್ಲಿ, ಒಂದೇ ಮೇಜಿನ ಮೇಲೆ. ಹಾಗಿದ್ದ ಮೇಲೆ ಆ ಭಾರವನ್ನು ಬಸ್ಸಲ್ಲಿ ಹೊತ್ತುಕೊಂಡು ಹೋಗೋದು ಯಾಕೆ? ಹೆಸರು, ತೂಕ ನೋಡುವ ಮೊದಲು ಯಾವ ಕೆಲಸ ಎಲ್ಲಿ ಕೂತು ಮಾಡುತ್ತೀರಿ ಅನ್ನೋದನ್ನು ನೋಡಿ. ಅಲ್ಲಿಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಅಂಗಡಿಯವರು ಹೇಳಿದ್ದರಲ್ಲಿ, ನಿಮ್ಮ ಅಣ್ಣ ಹೇಳಿದ್ದರಲ್ಲಿ ನಿಜ ಎಷ್ಟು ಅಂತ ನೋಡೋಣ.

"ಐ7 ಇದೆ, ಎಲ್ಲಾ ಆಗುತ್ತೆ" ಅನ್ನೋದು ಅರ್ಧ ನಿಜ. ಐ7 ಅನ್ನೋದು ಒಂದು ಚಿಪ್ ಅಲ್ಲ, ಒಂದು ದೊಡ್ಡ ಕುಟುಂಬ. ಹೆಸರಿನ ಕೊನೆಯ ಅಕ್ಷರ ನೋಡಬೇಕು. ಇಂಟೆಲ್‌ನ 13ನೇ ತಲೆಮಾರಿನಲ್ಲಿ ಕೊನೆಗೆ ಯು ಇದ್ದರೆ ಅದರ ಮೂಲ ವಿದ್ಯುತ್ ಮಟ್ಟ 15 ವ್ಯಾಟ್, ಎಚ್ ಇದ್ದರೆ 45, ಎಚ್‌ಎಕ್ಸ್ ಇದ್ದರೆ 55. ಸ್ವಲ್ಪ ಹೊತ್ತು ಎಲ್ಲವೂ ಇದಕ್ಕಿಂತ ಜಾಸ್ತಿ ಎಳೆಯುತ್ತವೆ. ಅದಕ್ಕೇ ಅಂಗಡಿಯಲ್ಲಿ ಎರಡು ನಿಮಿಷ ನೋಡಿದಾಗ ಎಲ್ಲವೂ ಚುರುಕಾಗಿಯೇ ಕಾಣುತ್ತವೆ. ವ್ಯತ್ಯಾಸ ಗೊತ್ತಾಗೋದು ಹತ್ತು ನಿಮಿಷ ಒಂದೇ ಸಮ ದುಡಿಸಿದಾಗ. ಚಿಪ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ತೆಳು ದೇಹದಲ್ಲಿ ಫ್ಯಾನ್ ಚಿಕ್ಕದು, ಬಿಸಿ ಹೊರಗೆ ಹೋಗುವ ದಾರಿಯೂ ಚಿಕ್ಕದು. ಅದೇ ಎಂಜಿನ್‌ಗೆ ಸಣ್ಣ ರೇಡಿಯೇಟರ್ ಹಾಕಿ ಲೋಡ್ ಲಾರಿಯನ್ನು ಶಿರಾಡಿ ಘಾಟಿ ಹತ್ತಿಸಿದ ಹಾಗೆ. ಎಂಜಿನ್ ಕೆಟ್ಟದ್ದೇನಲ್ಲ, ಆದರೆ ಹತ್ತೋಕೆ ಆಗಲ್ಲ.

ಇನ್ನೊಂದು ಕಡೆ, ನಿಮ್ಮ ದಿನದ ಕೆಲಸಕ್ಕೆ ಈ ಶಕ್ತಿ ಬೇಕೇ ಇಲ್ಲ. ಆಟೋಕ್ಯಾಡ್ ಬಹುಪಾಲು ಕೆಲಸವನ್ನು ಒಂದೇ ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ) ಮೇಲೆ ಮಾಡುತ್ತದೆ, ಸ್ಕೆಚ್‌ಅಪ್ ಕೂಡ ಹಾಗೇ. ಹದಿನಾಲ್ಕು ಕೋರ್ ಇದ್ದರೆ ಮನೆ ಪ್ಲಾನ್ ಬೇಗ ಮುಗಿಯುತ್ತೆ ಅಂತೇನಿಲ್ಲ. ಈಗಿನ ಒಳ್ಳೆ ತೆಳು ಲ್ಯಾಪ್‌ಟಾಪ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಎರಡು ಮಹಡಿ ಮನೆಯ ಡ್ರಾಯಿಂಗ್ ಆರಾಮಾಗಿ ನಡೆಯುತ್ತದೆ. ಲೂಮಿಯಾನ್ ಕಥೆಯೇ ಬೇರೆ. ಅದು ನಿಂತಿರೋದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಪ್ರತ್ಯೇಕ ಕಾರ್ಡ್ ಇಲ್ಲದ ತೆಳು ಲ್ಯಾಪ್‌ಟಾಪ್‌ನಲ್ಲಿ ಲೂಮಿಯಾನ್ ಓಡಿಸೋ ಆಸೆ ಬಿಟ್ಟುಬಿಡಿ. ಅಂಗಡಿಯವರ "ಎಲ್ಲಾ ಆಗುತ್ತೆ" ಇಲ್ಲಿ ಸುಳ್ಳಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್‌ನಲ್ಲೂ ಇಂಥದ್ದೇ ಒಂದು ಗುಟ್ಟಿದೆ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4050 ಅಂತ ಹೆಸರಿರುವ ಕಾರ್ಡ್ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟರಲ್ಲಿ ಬೇಕಾದರೂ ಕೂತಿರಬಹುದು. ತೆಳು ಮಾಡೆಲ್‌ನಲ್ಲಿ ಕಡಿಮೆ, ದಪ್ಪ ಮಾಡೆಲ್‌ನಲ್ಲಿ ಜಾಸ್ತಿ. ಸ್ಟಿಕ್ಕರ್ ಎರಡರಲ್ಲೂ ಒಂದೇ. ಅದಕ್ಕೆ "ಕಾರ್ಡ್ ಯಾವುದು" ಅಂತ ಮಾತ್ರ ಕೇಳಬೇಡಿ, "ಎಷ್ಟು ವ್ಯಾಟ್" ಅಂತಲೂ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಸ್ಪೆಸಿಫಿಕೇಷನ್ ಹಾಳೆಯಲ್ಲಿ ಟಿಜಿಪಿ (ಕಾರ್ಡ್‌ನ ವಿದ್ಯುತ್ ಮಿತಿ) ಅಂತ ಹುಡುಕಿ. ವಿಡಿಯೋ ಮೆಮೊರಿ 4050ರಲ್ಲಿ 6 ಜಿಬಿ, 4060ರಲ್ಲಿ 8 ಜಿಬಿ. ಹೋಮ್‌ಸ್ಟೇ ಅಂದ ಮೇಲೆ ಸುತ್ತಲೂ ಮರ, ಹುಲ್ಲು, ಕಾಫಿ ಗಿಡ ಎಲ್ಲಾ ಹಾಕುತ್ತೀರಿ ಅಲ್ವಾ, ಅವೇ ಮೆಮೊರಿ ತಿನ್ನೋದು. ನನ್ನನ್ನು ಕೇಳಿದರೆ 8 ಜಿಬಿಗೆ ಕಡಿಮೆ ಬೇಡ.

ಈಗ ನಿಮ್ಮ ಅಣ್ಣನ ಮಾತು. ವರ್ಕ್‌ಸ್ಟೇಷನ್ ಅಂದರೆ ಲೆನೊವೊದಲ್ಲಿ ಥಿಂಕ್‌ಪ್ಯಾಡ್ ಪಿ ಸಾಲು, ಎಚ್‌ಪಿಯಲ್ಲಿ ಝಡ್‌ಬುಕ್, ಡೆಲ್‌ನಲ್ಲಿ ಪ್ರಿಸಿಷನ್. ಡೆಲ್ 2025ರಲ್ಲಿ ಪ್ರಿಸಿಷನ್ ಅನ್ನೋ ಹೆಸರು ಬಿಟ್ಟು ಪ್ರೊ ಮ್ಯಾಕ್ಸ್ ಅಂತ ಮಾಡಿದೆ. ಇವು ಒಳ್ಳೆಯ ಯಂತ್ರಗಳೇ, ಅದರಲ್ಲಿ ಎರಡು ಮಾತಿಲ್ಲ. ಕೀಬೋರ್ಡ್, ಹಿಂಜ್, ಬಿಸಿ ಹೊರಹಾಕುವ ವ್ಯವಸ್ಥೆ ಎಲ್ಲಾ ಗಟ್ಟಿ. ಆದರೆ ಇವುಗಳಲ್ಲಿ ಬರುವ ಪ್ರೊಫೆಷನಲ್ ಗ್ರಾಫಿಕ್ಸ್ ಕಾರ್ಡ್‌ಗೆ ಜಾಸ್ತಿ ದುಡ್ಡು ಕೊಡೋದು ಮುಖ್ಯವಾಗಿ ಡ್ರೈವರ್‌ಗೆ, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್‌ಗೆ. ಇಂತಿಂಥ ಸಾಫ್ಟ್‌ವೇರ್‌ನಲ್ಲಿ ಇದು ತೊಂದರೆ ಕೊಡಲ್ಲ ಅಂತ ಪರೀಕ್ಷೆ ಮಾಡಿ ಸರ್ಟಿಫೈ ಮಾಡಿರುತ್ತಾರೆ. ಕಾರಿನ ಬಿಡಿಭಾಗ ಡಿಸೈನ್ ಮಾಡುವವರಿಗೆ, ಸಾವಿರಾರು ಭಾಗಗಳ ಅಸೆಂಬ್ಲಿ ತಿರುಗಿಸುವವರಿಗೆ ಅದರ ಬೆಲೆ ಗೊತ್ತು. ಮನೆ ಪ್ಲಾನ್‌ಗೆ, ಲೂಮಿಯಾನ್‌ಗೆ ಮಾಮೂಲಿ ಜಿಫೋರ್ಸ್ ಕಾರ್ಡ್ (ಮೇಲೆ ಹೇಳಿದ 4050, 4060 ಈ ಸಾಲಿನವೇ) ಸಾಕು. ಅಷ್ಟೇ ದುಡ್ಡಿಗೆ ಜಾಸ್ತಿ ವೇಗವೂ ಸಿಗುತ್ತದೆ.

ಮಿಲಿಟರಿ ಗ್ರೇಡ್ ಅನ್ನೋದನ್ನು ಕೇಳಿ ಜನ ಮೋಸ ಹೋಗೋದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಮಿಲ್-ಎಸ್‌ಟಿಡಿ-810ಎಚ್ ಅನ್ನೋದು ಅಮೆರಿಕದ ಸೇನೆ ಬರೆದಿಟ್ಟ ಪರೀಕ್ಷಾ ವಿಧಾನಗಳ ಪಟ್ಟಿ. ಅದರಲ್ಲಿ ಯಾವ ಪರೀಕ್ಷೆ ಮಾಡಬೇಕು, ಎಷ್ಟರ ಮಟ್ಟಿಗೆ ಮಾಡಬೇಕು ಅಂತ ಲ್ಯಾಪ್‌ಟಾಪ್ ಕಂಪನಿಯೇ ಆರಿಸಿಕೊಳ್ಳುತ್ತದೆ. ಸೇನೆಯವರು ಬಂದು ಮುದ್ರೆ ಒತ್ತುವುದಿಲ್ಲ. ಆ ಹೆಸರು ಬರೆದಿದ್ದ ಮಾತ್ರಕ್ಕೆ ಮಳೆಯಲ್ಲಿ ನೆನೆಯಬಹುದು ಅಂತ ಅರ್ಥ ಅಲ್ಲ. ಆಷಾಢದಲ್ಲಿ ಸಕಲೇಶಪುರದಲ್ಲಿ ಬೈಕ್ ಹಿಂದೆ ಕೂತು ಹೋಗುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಅಂದಹಾಗೆ 1.3 ಕೆಜಿಯ ಎಷ್ಟೋ ಬಿಸಿನೆಸ್ ಲ್ಯಾಪ್‌ಟಾಪ್‌ಗಳೂ ಇದೇ ಪರೀಕ್ಷೆ ಪಾಸಾಗಿರುತ್ತವೆ. ಅಲ್ಲಿಗೆ ಹಗುರ ಅಂದರೆ ಗಟ್ಟಿ ಇಲ್ಲ ಅನ್ನೋ ವಾದವೂ ಬಿದ್ದುಹೋಯಿತು.

ನಿಮ್ಮ ಹಿಂಜ್ ಮುರಿದಿದ್ದು ಯಾಕೆ ಅಂತ ಹೇಳುತ್ತೇನೆ, ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ. ಹಿಂಜ್‌ನ ಸ್ಕ್ರೂಗಳು ಕೂರೋದು ಹಿತ್ತಾಳೆಯ ಸಣ್ಣ ನಟ್‌ಗಳಲ್ಲಿ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಆ ನಟ್‌ಗಳನ್ನು ಪ್ಲಾಸ್ಟಿಕ್‌ನೊಳಗೆ ಬಿಸಿ ಮಾಡಿ ಕೂರಿಸಿರುತ್ತಾರೆ, ಅಷ್ಟೆ. ದಿನ ಕಳೆದಂತೆ ಹಿಂಜ್ ಬಿಗಿಯಾಗುತ್ತದೆ. ನಾವು ಸ್ಕ್ರೀನ್‌ನ ಒಂದೇ ಮೂಲೆ ಹಿಡಿದು ಎತ್ತುತ್ತೇವೆ. ಬಲವೆಲ್ಲ ಒಂದೇ ಕಡೆ ಬಿದ್ದು ಒಂದು ದಿನ ನಟ್ ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ಆಗ ಸ್ಕ್ರೀನಿನ ಅಂಚು ಬಾಯಿ ಬಿಡುತ್ತದೆ, ಎಷ್ಟೋ ಸಲ ಒಳಗಿನ ಡಿಸ್‌ಪ್ಲೇ ಕೇಬಲ್ ಕೂಡ ಹರಿಯುತ್ತದೆ. 2.2 ಕೆಜಿಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲೂ ಇದನ್ನು ನೋಡುತ್ತೇನೆ. ಇದಕ್ಕೆ ಕಾರಣ ತೂಕ ಅಲ್ಲ, ನಟ್ ಕೂತಿರುವ ಜಾಗ. ಮೆಗ್ನೀಸಿಯಮ್, ಅಲ್ಯೂಮಿನಿಯಮ್ ದೇಹಕ್ಕೆ ನೇರವಾಗಿ ಹಿಂಜ್ ಕೂರಿಸಿದ ಹಗುರ ಲ್ಯಾಪ್‌ಟಾಪ್ ವರ್ಷಗಟ್ಟಲೆ ಬಾಳುತ್ತದೆ.

ಹಾಗಾದರೆ ಹಗುರದ್ದರಲ್ಲಿ ತೊಂದರೆ ಇಲ್ವಾ? ಇದೆ. ಬಹುಪಾಲು ತೆಳು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. 8 ಜಿಬಿ ತಗೊಂಡರೆ ಕೊನೇವರೆಗೂ 8 ಜಿಬಿಯೇ. ಅದು ಕೆಟ್ಟರೆ ಬೋರ್ಡೇ ಬದಲಾಯಿಸಬೇಕಾಗಬಹುದು, ಆ ಬಿಲ್ ನೋಡಿದರೆ ಕಣ್ಣೀರು ಬರುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಕೀಬೋರ್ಡ್ ಕೂಡ ಮೇಲಿನ ಕೇಸಿಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ, ಕೀಬೋರ್ಡ್ ಕೆಟ್ಟರೆ ಇಡೀ ಕೇಸ್ ಬದಲಾಯಿಸಬೇಕಾಗಬಹುದು. ಅದಕ್ಕೇ ಕೊಳ್ಳುವ ದಿನವೇ "ರ‍್ಯಾಮ್ ಸ್ಲಾಟ್ ಇದೆಯಾ?" ಅಂತ ಕೇಳಿ. ಇಲ್ಲ ಅಂದರೆ 16ಕ್ಕಿಂತ ಕಡಿಮೆ ಮುಟ್ಟಲೇಬೇಡಿ.

ಇನ್ನು ತೂಕದ ಲೆಕ್ಕ. ಜನ ಲ್ಯಾಪ್‌ಟಾಪ್ ತೂಕ ನೋಡುತ್ತಾರೆ, ಚಾರ್ಜರ್ ಮರೆಯುತ್ತಾರೆ. ತೆಳು ಲ್ಯಾಪ್‌ಟಾಪ್‌ನ 65 ವ್ಯಾಟ್ ಟೈಪ್-ಸಿ ಚಾರ್ಜರ್ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಶಕ್ತಿಯ ವರ್ಕ್‌ಸ್ಟೇಷನ್‌ಗೆ 170ರಿಂದ 230 ವ್ಯಾಟ್‌ನ ಅಡಾಪ್ಟರ್ ಬೇಕು, ಅದೇ ಮುಕ್ಕಾಲು ಕೆಜಿ ತೂಗುತ್ತದೆ. ಲ್ಯಾಪ್‌ಟಾಪ್, ಅಡಾಪ್ಟರ್ ಎರಡೂ ಸೇರಿ ಮೂರು ಕೆಜಿ ದಾಟಬಹುದು. ಜೊತೆಗೆ ಟೇಪು, ಡ್ರಾಯಿಂಗು, ನೀರಿನ ಬಾಟಲಿ, ಮಳೆಗಾಲದಲ್ಲಿ ರೇನ್‌ಕೋಟು. ಬೆನ್ನು ನೋವಿರುವವರಿಗೆ ಇದು ಬೇಡ ಅಂತ ನಾನು ಖಡಾಖಂಡಿತ ಹೇಳುತ್ತೇನೆ.

ಕರೆಂಟ್ ವಿಷಯವೂ ಇದೆ, ನಮ್ಮ ಕಡೆ ಇದನ್ನು ಬಿಟ್ಟು ಮಾತಾಡೋ ಹಾಗೇ ಇಲ್ಲ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ತೋಟದ ಮನೆಗಳಲ್ಲಿ ಎರಡು ದಿನ ಕರೆಂಟ್ ಇರಲ್ಲ. ತೆಳು ಲ್ಯಾಪ್‌ಟಾಪ್‌ನ ಬ್ಯಾಟರಿ 55 ವ್ಯಾಟ್-ಅವರ್ ಅಂತ ಇಟ್ಟುಕೊಳ್ಳಿ. ಡ್ರಾಯಿಂಗ್ ಕೆಲಸಕ್ಕೆ 10 ವ್ಯಾಟ್ ಎಳೆದರೆ ಐದು ಗಂಟೆ ಮೇಲೆ ಬರುತ್ತದೆ. ಮುಗಿದರೂ ಟೈಪ್-ಸಿ ಪವರ್‌ಬ್ಯಾಂಕ್‌ನಿಂದ, ಕಾರಿನಿಂದ ಚಾರ್ಜ್ ಮಾಡಬಹುದು. ವರ್ಕ್‌ಸ್ಟೇಷನ್‌ನ ಬ್ಯಾಟರಿ ದೊಡ್ಡದು, 90 ವ್ಯಾಟ್-ಅವರ್ ಇರಬಹುದು, ಆದರೆ ರೆಂಡರ್‌ಗೆ ಹಾಕಿ 120 ವ್ಯಾಟ್ ಎಳೆದರೆ ಮುಕ್ಕಾಲು ಗಂಟೆಗೆ ಖಾಲಿ. ಅದೂ ಅಲ್ಲದೆ ಚಾರ್ಜರ್ ತೆಗೆದ ತಕ್ಷಣ ಗ್ರಾಫಿಕ್ಸ್ ಕಾರ್ಡ್ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ಕರೆಂಟ್ ಇಲ್ಲದ ಸೈಟಲ್ಲಿ ನೀವು ಹೊತ್ತು ತಂದ ಶಕ್ತಿ ಅರ್ಧಕ್ಕರ್ಧ ಕೆಲಸಕ್ಕೆ ಬರಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

ನಾನು ನಿಮ್ಮ ಜಾಗದಲ್ಲಿದ್ದರೆ ಬಜೆಟ್ ಒಡೆಯುತ್ತಿದ್ದೆ. ಸುಮಾರು ಮೂರರಲ್ಲಿ ಎರಡು ಭಾಗ ಹಾಸನದ ಮನೆಗೆ ಒಂದು ಡೆಸ್ಕ್‌ಟಾಪ್, ಉಳಿದದ್ದಕ್ಕೆ ಓಡಾಟಕ್ಕೆ ಹಗುರ ಲ್ಯಾಪ್‌ಟಾಪ್. ಒಂದೇ ಹೆಸರಿನ ಗ್ರಾಫಿಕ್ಸ್ ಕಾರ್ಡ್ ಡೆಸ್ಕ್‌ಟಾಪ್‌ನಲ್ಲಿ ಲ್ಯಾಪ್‌ಟಾಪ್‌ಗಿಂತ ಜಾಸ್ತಿ ದುಡಿಯುತ್ತದೆ, ಬಿಸಿ ಹೋಗೋಕೆ ಜಾಗ ಇದೆ, ಕೆಟ್ಟರೆ ಕೆಟ್ಟ ಭಾಗ ಮಾತ್ರ ಬದಲಾಯಿಸಿದರೆ ಆಯಿತು. ರಾತ್ರಿ ರೆಂಡರ್ ಹಾಕಿ ಮಲಗಿದರೆ ಬೆಳಿಗ್ಗೆ ಚಿತ್ರ ರೆಡಿ. ಆಟೋಕ್ಯಾಡ್ ಚಂದಾ ಒಬ್ಬರ ಹೆಸರಿಗೆ ಇರುತ್ತದೆ, ಮೂರು ಕಂಪ್ಯೂಟರ್‌ವರೆಗೆ ಹಾಕಿಕೊಂಡು ಒಂದು ಸಲಕ್ಕೆ ಒಂದರಲ್ಲಿ ಬಳಸಬಹುದು, ಆ ಖರ್ಚು ಎರಡಾಗಲ್ಲ. ಇದರ ತೊಂದರೆ ಏನೆಂದರೆ ಫೈಲ್‌ಗಳು ಎರಡು ಕಡೆ ಆಗುತ್ತವೆ. ಯಾವುದು ಹೊಸದು, ಯಾವುದು ಹಳೆಯದು ಅಂತ ಗೊಂದಲವಾಗಿ ಹಳೆ ಪ್ಲಾನ್ ಮೇಲೆ ಮೇಸ್ತ್ರಿ ಗೋಡೆ ಎಬ್ಬಿಸಿಬಿಟ್ಟರೆ ನಷ್ಟ ನಿಮ್ಮದು. ಒಂದೇ ಕ್ಲೌಡ್ ಫೋಲ್ಡರ್ ಇಟ್ಟು, ಮನೆಯಿಂದ ಹೊರಡುವ ಮೊದಲು ಸಿಂಕ್ ಆಗಿದೆಯಾ ಅಂತ ನೋಡಿಕೊಳ್ಳುವ ಅಭ್ಯಾಸ ಬೇಕು. ತೋಟದೊಳಗೆ ನೆಟ್‌ವರ್ಕ್ ನಂಬೋ ಹಾಗಿಲ್ಲ. ಡೆಸ್ಕ್‌ಟಾಪ್‌ಗೆ ಒಂದು ಯುಪಿಎಸ್ ಕೂಡ ಲೆಕ್ಕಕ್ಕೆ ಸೇರಿಸಿ. ಅದು ಕರೆಂಟ್ ಹೋದಾಗ ಫೈಲ್ ಸೇವ್ ಮಾಡಿ ಆಫ್ ಮಾಡೋಕೆ, ರೆಂಡರ್ ಮುಂದುವರಿಸೋಕೆ ಅಲ್ಲ.

ಒಂದೇ ಯಂತ್ರ ಸಾಕು, ಎರಡರ ಗೋಜು ಬೇಡ ಅಂತಿದ್ದರೆ ಮಧ್ಯದ ದಾರಿ ಇದೆ. 14 ಇಂಚಿನ, 1.6ರಿಂದ 1.8 ಕೆಜಿಯ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಮಾಡೆಲ್. ಸೈಟಿಗೂ ಆಯಿತು, ರೆಂಡರ್‌ಗೂ ಆಯಿತು. ಆದರೆ ಎರಡರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು: ರೆಂಡರ್ ಹೊತ್ತಲ್ಲಿ ಸದ್ದು, ಬಿಸಿ ಜಾಸ್ತಿ, ಬ್ಯಾಟರಿ ಕಡಿಮೆ. ಕಳೆದುಹೋದರೆ, ಬಿದ್ದರೆ ಎಲ್ಲ ಕೆಲಸವೂ ಒಟ್ಟಿಗೆ ನಿಲ್ಲುತ್ತದೆ. ನಿಮ್ಮ ಬಜೆಟ್‌ನಲ್ಲಿ ಒಳ್ಳೆಯದು ಸಿಗೋದೂ ಕಷ್ಟ.

ಸೆಕೆಂಡ್ಸ್ ವರ್ಕ್‌ಸ್ಟೇಷನ್ ಬಗ್ಗೆ ನಿಮ್ಮ ಅಣ್ಣ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಬೆಂಗಳೂರಿನ ಕಂಪನಿಗಳು ಲೀಸ್ ಮುಗಿದ ಮೇಲೆ ಬಿಟ್ಟ ಲ್ಯಾಪ್‌ಟಾಪ್‌ಗಳು ಎಸ್‌ಪಿ ರೋಡ್‌ನಂಥ ಕಡೆ ಧಾರಾಳವಾಗಿ ಸಿಗುತ್ತವೆ, ಒಳ್ಳೆಯವೂ ಇರುತ್ತವೆ. ಆದರೆ ನಿಮ್ಮ ಓಡಾಟದ ಯಂತ್ರಕ್ಕೆ ನಾನು ಹುಡುಕುವುದಾದರೆ ವರ್ಕ್‌ಸ್ಟೇಷನ್ ಬಿಟ್ಟು 14 ಇಂಚಿನ ಬಿಸಿನೆಸ್ ಲ್ಯಾಪ್‌ಟಾಪ್ ಹುಡುಕುತ್ತೇನೆ. ಕೊಳ್ಳುವಾಗ ಕೆಲವು ವಿಷಯ ಬಿಡಲೇಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ಮೇಲಿನದೇ ಬೇಕು. ಅದಕ್ಕಿಂತ ಹಳೆಯದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಶುರುವಾಗುವ ಮೂಲ ಸಾಫ್ಟ್‌ವೇರ್) ಪಾಸ್‌ವರ್ಡ್ ಇದೆಯಾ ಅಂತ ಎದುರಿಗೇ ನೋಡಿ. ಹೊಸದಾಗಿ ವಿಂಡೋಸ್ ಹಾಕಿದಾಗ ಯಾವುದೋ ಕಂಪನಿಯ ಇಮೇಲ್ ಕೇಳಿದರೆ ಅದು ಇನ್ನೂ ಆ ಕಂಪನಿಯ ಹಿಡಿತದಲ್ಲಿದೆ ಅಂತ ಅರ್ಥ, ಅಲ್ಲೇ ಬಿಟ್ಟು ಬನ್ನಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಅದರಲ್ಲಿ ಹೊಸತಿದ್ದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡೂ ಇರುತ್ತದೆ. ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡು ಕಳೆದು ಬೆಲೆ ಮಾತಾಡಿ.

ಹೊಸದೋ ಹಳೆಯದೋ, ಅಂಗಡಿಯಲ್ಲಿ ಹತ್ತು ನಿಮಿಷ ದುಡಿಸಿ ನೋಡಿ. ಸಿನಿಬೆಂಚ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ ಓಡಿಸಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ಪ್ರೊಸೆಸರ್ ವೇಗ ಗಮನಿಸಿ. ಮೊದಲ ನಿಮಿಷ 4 ಗಿಗಾಹರ್ಟ್ಜ್ ಇದ್ದದ್ದು ಎಂಟನೇ ನಿಮಿಷಕ್ಕೆ 2ಕ್ಕೆ ಇಳಿದರೆ ನಿಮ್ಮ ರಾತ್ರಿ ಕೆಲಸದಲ್ಲೂ ಅದೇ ಆಗೋದು. ಹೀಗೆ ಓಡಿಸಿ ನೋಡೋದು ಬೇಡ ಅನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ. ಸ್ಕ್ರೀನ್ ವಿಷಯದಲ್ಲಿ 100 ಪರ್ಸೆಂಟ್ ಎಸ್‌ಆರ್‌ಜಿಬಿ (ಸ್ಕ್ರೀನ್ ಎಷ್ಟು ಬಣ್ಣ ತೋರಿಸಬಲ್ಲದು ಅನ್ನೋ ಅಳತೆ) ಅಂತ ಬರೆದಿರಲಿ, ಇಲ್ಲದಿದ್ದರೆ ನೀವು ಕೊಟ್ಟ ಬಣ್ಣ ಮನೆಯವರ ಗೋಡೆ ಮೇಲೆ ಬೇರೆಯೇ ಕಾಣಬಹುದು.

ವಾರಂಟಿಯಲ್ಲಿ "ಆನ್‌ಸೈಟ್" ಅಂತ ಬರೆದಿದ್ದರೂ ಅದು ಎಲ್ಲಾ ಊರಿಗೂ ಒಂದೇ ರೀತಿ ಅಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ನೀವೇ ಫೋನ್ ಮಾಡಿ, ಹಾಸನದ ಪಿನ್‌ಕೋಡ್ ಕೊಟ್ಟು, ಎಂಜಿನಿಯರ್ ಮನೆಗೆ ಬರುತ್ತಾರಾ, ಎಷ್ಟು ದಿನದಲ್ಲಿ ಅಂತ ಕೇಳಿ. ಬಿದ್ದು ಒಡೆದದ್ದಕ್ಕೂ ನೀರು ಬಿದ್ದದ್ದಕ್ಕೂ ಮಾಮೂಲಿ ವಾರಂಟಿ ಬರಲ್ಲ, ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ತಗೊಳ್ಳಬೇಕು. ಬೈಕ್ ಹಿಂದೆ ಕೂತು ತೋಟಕ್ಕೆ ಹೋಗುವವರಿಗೆ ಆ ದುಡ್ಡು ದಂಡ ಅಲ್ಲ.

ಇಷ್ಟೆಲ್ಲಾ ಮಾಡೋ ಮೊದಲು ನಿಮ್ಮ ಹಳೆ ಲ್ಯಾಪ್‌ಟಾಪ್‌ನ ಒಳಗೆ ಒಮ್ಮೆ ನೋಡಿಸಿ. ಸೈಟಿಗೆ ಹೋಗಿ ಬಂದ ಲ್ಯಾಪ್‌ಟಾಪ್‌ನ ಹಿಂಬದಿ ಬಿಚ್ಚಿ ಫ್ಯಾನ್ ಎತ್ತಿದರೆ ಅದರ ಪಕ್ಕದಲ್ಲೇ ತಾಮ್ರದ ತೆಳು ಪಟ್ಟಿಗಳ ಸಾಲು ಕಾಣುತ್ತದೆ. ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಜಾಗ. ಫ್ಯಾನಿಗೂ ಪಟ್ಟಿಗೂ ಮಧ್ಯೆ ಕೆಮ್ಮಣ್ಣು, ಸಿಮೆಂಟ್ ಧೂಳು, ಬಟ್ಟೆಯ ನೂಲು ಸೇರಿ ಗಟ್ಟಿ ಪದರ ಕೂತಿರುತ್ತದೆ, ಉಗುರಲ್ಲಿ ಎತ್ತಿದರೆ ಇಡಿಯಾಗಿ ಎದ್ದು ಬರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಹೋಗಲ್ಲ. ಫ್ಯಾನ್ ಎಷ್ಟು ಕೂಗಿದರೂ ಗಾಳಿ ಹೊರಗೆ ಬರಲ್ಲ, ಚಿಪ್ ಬಿಸಿಯಾಗಿ ವೇಗ ಇಳಿಸುತ್ತದೆ. ಅದರ ಮೇಲೆ 8 ಜಿಬಿ ರ‍್ಯಾಮ್‌ಗೆ ಲೂಮಿಯಾನ್ ಹಾಕಿದ್ದೀರಿ. ಮೌಸ್ ಅಲ್ಲಾಡದೇ ಇರೋಕೆ ಇದೇ ಕಾರಣ ಇರಬಹುದು.

ಆ ಪದರ ತೆಗೆಸಿ, ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿ ಹೊರಗೆ ದಾಟಿಸುವ ಲೇಪ) ಬದಲಾಯಿಸಿ, ಸ್ಲಾಟ್ ಇದ್ದರೆ ರ‍್ಯಾಮ್ 16 ಮಾಡಿಸಿ, ಹಿಂಜ್ ಕಟ್ಟಿಸಿ. ಹೊಸದರ ಬೆಲೆ ಮುಂದೆ ಇದು ಸಣ್ಣ ಖರ್ಚು. ರೆಂಡರ್‌ಗೆ ಆಗಲ್ಲ, 2 ಜಿಬಿ ಗ್ರಾಫಿಕ್ಸ್ ಯಾವತ್ತೂ ಸಾಲಲ್ಲ. ಆದರೆ ಡ್ರಾಯಿಂಗ್‌ಗೆ ಇನ್ನೊಂದಷ್ಟು ಕಾಲ ಬಂದೀತು. ಹಾಗಾದರೆ ಈಗ ಡೆಸ್ಕ್‌ಟಾಪ್ ಮಾತ್ರ ತಗೊಳ್ಳಿ, ಇಎಂಐ ಅರ್ಧ ಇಳಿದ ಮೇಲೆ ಹಗುರದ್ದಕ್ಕೆ ಕೈ ಹಾಕಿ. ಆದರೆ ಹಳೆಯದು ಎರಡು ಕೆಜಿ ಹತ್ತಿರ ಇದ್ದು ಈಗಲೇ ಬೆನ್ನು ಜಾಸ್ತಿ ನೋಯುತ್ತಿದ್ದರೆ ಈ ಕ್ರಮ ತಿರುಗಿಸಿ. ಹಗುರ ಲ್ಯಾಪ್‌ಟಾಪ್ ಮೊದಲು ತಗೊಂಡು, ಡೆಸ್ಕ್‌ಟಾಪ್ ಬರುವವರೆಗೆ ರೆಂಡರ್ ಕೆಲಸವನ್ನು ಹಾಸನದಲ್ಲೇ ಯಾರಿಗಾದರೂ ಕೊಟ್ಟು ಮಾಡಿಸಿಕೊಳ್ಳಿ. ತಿಂಗಳಿಗೆ ನಾಲ್ಕೈದು ಅಂದಿರಲ್ಲ, ಅಷ್ಟಕ್ಕೆ ಹೊರಗೆ ಕೊಟ್ಟರೆ ಎಷ್ಟಾಗುತ್ತೆ ಅಂತ ಕೇಳಿ ಬನ್ನಿ. ಆ ಮೊತ್ತವನ್ನು ಇಎಂಐ ಪಕ್ಕ ಇಟ್ಟು ನೋಡಿದ ಮೇಲೆ ಅಂಗಡಿಗೆ ಹೋಗಿ.